ಸ್ವಲೀನ ಮಕ್ಕಳೂ ಖನಿಜದ ಪುಡಿಗಳೂ

ನಮ್ಮ ಮನಃಶಾಸ್ತ್ರದ ಪಠ್ಯಗಳಲ್ಲಿ ಸ್ವಲೀನತೆಗೆ ದೊರೆಯುವ ಸ್ಥಳ ಬಹು ಸ್ವಲ್ಪ. ದೊರೆತ ಸ್ಥಳವೂ ಲಕ್ಷಣಗಳ ವರ್ಣನೆಯಲ್ಲಿಯೇ ಮುಗಿದುಹೋಗುತ್ತದೆ. ಅಂತಹ ಮಗುವಿರುವ ಮನೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಏನು ನಡೆಯುತ್ತದೆ, ತಂದೆತಾಯಿಗಳು ಯಾವ ಯಾವ ಬಾಗಿಲನ್ನು ತಟ್ಟುತ್ತಾರೆ ಎಂಬುದು ಪ್ರಶ್ನೆಪತ್ರಿಕೆಗೆ ಬರುವಂತಹ ವಿಷಯವಲ್ಲವಾದುದರಿಂದಲೋ ಏನೋ, ಪಠ್ಯಕಾರರು ಅದರ ಗೊಡವೆಗೆ ಹೋಗಿಲ್ಲ. ಆ ಬಾಗಿಲುಗಳಲ್ಲಿ ಒಂದು ಖನಿಜಾಂಶಗಳದು. ಮೆಗ್ನೀಸಿಯಂ, ಸತು, ಕಬ್ಬಿಣ, ಸುಣ್ಣದ ಅಂಶ ಇವುಗಳನ್ನು ಪುಡಿಯಾಗಿಯೋ ಗುಳಿಗೆಯಾಗಿಯೋ ಮಗುವಿಗೆ ಕೊಟ್ಟು, ಅದಕ್ಕೆ ಮಾತು ಬಂದೀತೆ, ನಿದ್ರೆ ಹತ್ತೀತೆ ಎಂದು ಕಾಯುವ ತಂದೆತಾಯಿಗಳು ಅಮೆರಿಕದಲ್ಲಿಯೂ ಇದ್ದಾರೆ, ನಮ್ಮ ಊರುಗಳಲ್ಲಿಯೂ ಇದ್ದಾರೆ. ಈ ರೂಢಿ ಹೇಗೆ ಬೆಳೆಯಿತು, ಅದರಲ್ಲಿ ಕಾಳೆಷ್ಟು ಜೊಳ್ಳೆಷ್ಟು ಎಂಬುದನ್ನು ನಾನು ಓದಿ ತಿಳಿದಮಟ್ಟಿಗೆ ಇಲ್ಲಿ ನಿರೂಪಿಸಲು ಯತ್ನಿಸಿದ್ದೇನೆ.

ಸ್ವಲೀನತೆ ಎಂದರೆ ತನ್ನಲ್ಲಿ ತಾನೇ ಲೀನವಾಗಿರುವುದು. ಇಂಗ್ಲಿಷಿನ ‘ಆಟಿಸಂ’ ಎಂಬ ಪದವೂ ‘ತಾನು’ ಎಂಬರ್ಥದ ಗ್ರೀಕ್ ಶಬ್ದದಿಂದ ಬಂದುದೇ. ೧೯೪೩ರಲ್ಲಿ ಅಮೆರಿಕದ ಬಾಲ್ಟಿಮೋರಿನ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳ ವೃತ್ತಾಂತವನ್ನು ಪ್ರಕಟಿಸಿ ಈ ಸ್ಥಿತಿಗೆ ಒಂದು ಪ್ರತ್ಯೇಕವಾದ ಸ್ಥಾನವನ್ನು ಕಲ್ಪಿಸಿಕೊಟ್ಟನು. ಕರೆದರೆ ತಿರುಗಿ ನೋಡದಿರುವುದು, ಮಾತು ತಡವಾಗುವುದು ಅಥವಾ ಕೇಳಿದ್ದನ್ನೇ ಗಿಳಿಯಂತೆ ಒಪ್ಪಿಸುವುದು, ದಿನಚರಿ ಎಳ್ಳಷ್ಟು ಬದಲಾದರೂ ತಲ್ಲಣಗೊಳ್ಳುವುದು, ಕೆಲವು ಸದ್ದುಗಳಿಗೆ ಕಿವಿ ಮುಚ್ಚಿಕೊಳ್ಳುವುದು, ಇವೇ ಮುಂತಾದುವು ಇದರ ಚಿಹ್ನೆಗಳು. ಎಲ್ಲ ಮಕ್ಕಳಲ್ಲಿಯೂ ಎಲ್ಲವೂ ಇರುವುದಿಲ್ಲ. ಒಬ್ಬನು ಕಾಲೇಜಿನವರೆಗೆ ಓದಬಹುದು. ಇನ್ನೊಬ್ಬನಿಗೆ ಊಟ ಸ್ನಾನಗಳಿಗೂ ಜೀವಮಾನವಿಡೀ ನೆರವು ಬೇಕಾಗಬಹುದು. ಮೆದುಳಿನ ಬೆಳವಣಿಗೆಯಲ್ಲಿಯೇ ಇರುವ ಭೇದವಿದು, ಇದರಲ್ಲಿ ವಂಶಗುಣದ ಪಾಲು ದೊಡ್ಡದು ಎಂಬುದು ಇಂದು ಸಿದ್ಧವಾಗಿರುವ ವಿಷಯ.

ಮೊದಲು ಹಾಗೆ ತಿಳಿದಿರಲಿಲ್ಲ. ತಾಯಿಯ ಎದೆಯಲ್ಲಿ ಬೆಚ್ಚಗಿನ ಪ್ರೀತಿಯಿಲ್ಲದ್ದರಿಂದ ಮಗು ತನ್ನೊಳಗೆ ಸೇರಿಕೊಂಡಿತು ಎಂಬ ಸಿದ್ಧಾಂತವೊಂದು ೧೯೫೦ ಮತ್ತು ೬೦ರ ದಶಕಗಳಲ್ಲಿ ಅಮೆರಿಕವನ್ನು ಆಳಿತು. ಅಂತಹ ತಾಯಂದಿರನ್ನು ‘ರೆಫ್ರಿಜರೇಟರ್ ತಾಯಂದಿರು’ ಎಂದು ಕರೆದರು. ಷಿಕಾಗೋದ ಬ್ರೂನೋ ಬೆಟೆಲ್‌ಹೈಮ್ ೧೯೬೭ರಲ್ಲಿ ಬರೆದ ಗ್ರಂಥ ಈ ಮಾತಿಗೆ ಮತ್ತಷ್ಟು ಪ್ರಚಾರ ಕೊಟ್ಟಿತು. ಮಗು ಮಾತನಾಡದ ದುಃಖ ಒಂದು. ಅದಕ್ಕೆ ನೀನೇ ಕಾರಣಳೆಂಬ ವೈದ್ಯರ ತೀರ್ಪು ಇನ್ನೊಂದು. ಈ ಎರಡು ಭಾರಗಳ ಕೆಳಗೆ ಎಷ್ಟು ಮನೆಗಳು ಕುಸಿದವೋ! ತಂದೆತಾಯಿಗಳು ಮುಂದೆ ವೈದ್ಯರ ಮಾತಿಗಿಂತ ತಮ್ಮಂತಹ ಇತರ ತಂದೆತಾಯಿಗಳ ಮಾತನ್ನೇ ಹೆಚ್ಚು ನಂಬಿದುದು ಏಕೆಂದು ಅರಿಯಬೇಕಾದರೆ ಈ ಹಿನ್ನೆಲೆಯನ್ನು ಮರೆಯಬಾರದು.

ಈ ತೀರ್ಪನ್ನು ಮುರಿದವನು ಬರ್ನಾರ್ಡ್ ರಿಮ್ಲಂಡ್. ಸ್ಯಾನ್ ಡಿಯಾಗೋ ನಗರದಲ್ಲಿ ಅಮೆರಿಕದ ನೌಕಾಪಡೆಯ ಮನಃಶಾಸ್ತ್ರಜ್ಞನಾಗಿದ್ದ ಈತನಿಗೆ ೧೯೫೬ರಲ್ಲಿ ಮಾರ್ಕ್ ಎಂಬ ಮಗ ಹುಟ್ಟಿದನು. ಮಗು ಎಡೆಬಿಡದೆ ಅಳುತ್ತಿತ್ತು, ಎತ್ತಿಕೊಂಡರೆ ಸೆಟೆದುಕೊಳ್ಳುತ್ತಿತ್ತು. ಮನಃಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದಿದ್ದರೂ ರಿಮ್ಲಂಡನಿಗೆ ‘ಆಟಿಸಂ’ ಎಂಬ ಪದವೇ ಗೊತ್ತಿರಲಿಲ್ಲ! ಇಂತಹ ಮಗುವೊಂದರ ವರ್ಣನೆಯನ್ನು ಕಾಲೇಜಿನ ಪುಸ್ತಕದಲ್ಲಿ ಓದಿದ ನೆನಪು ಬಂದುದು ಅವನ ಹೆಂಡತಿ ಗ್ಲೋರಿಯಾಳಿಗೆ. ಮೂಲೆಗೆ ಹಾಕಿದ್ದ ಹಳೆಯ ಪುಸ್ತಕಗಳ ಪೆಟ್ಟಿಗೆಯನ್ನು ತೆಗೆದು ಹುಡುಕಿದಾಗ ಅದು ಸಿಕ್ಕಿತು. (ಪದವಿ ಕೈಗೆ ಬಂದೊಡನೆ ಪುಸ್ತಕಗಳನ್ನು ಅರ್ಧ ಬೆಲೆಗೆ ಮಾರುವ ನಮ್ಮ ಮಿತ್ರರು ಇದನ್ನು ಗಮನಿಸಬೇಕು.) ಅಲ್ಲಿಂದ ಮುಂದೆ ರಿಮ್ಲಂಡ್ ಸಿಕ್ಕಿದ್ದನ್ನೆಲ್ಲ ಓದಿ, ೧೯೬೪ರಲ್ಲಿ ಒಂದು ಗ್ರಂಥವನ್ನು ಹೊರತಂದು, ಸ್ವಲೀನತೆ ದೇಹಮೂಲವಾದುದು, ತಾಯಿಯ ದೋಷಕ್ಕೆ ಯಾವ ಪುರಾವೆಯೂ ಇಲ್ಲ ಎಂದು ಪ್ರತಿಪಾದಿಸಿದನು. ಅದಕ್ಕೆ ಮುನ್ನುಡಿ ಬರೆದವನು ಸ್ವತಃ ಕ್ಯಾನರನೇ. ೧೯೬೯ರಲ್ಲಿ ತಂದೆತಾಯಿಗಳ ಸಭೆಯೊಂದರಲ್ಲಿ ಕ್ಯಾನರ್, ನಿಮ್ಮನ್ನು ದೋಷದಿಂದ ಮುಕ್ತಗೊಳಿಸಿದ್ದೇನೆ ಎಂಬರ್ಥದ ಮಾತನ್ನು ಬಹಿರಂಗವಾಗಿ ಆಡಿದನು.

ಆ ಗ್ರಂಥದ ಕೊನೆಯಲ್ಲಿ ಮಗುವಿನ ಲಕ್ಷಣಗಳನ್ನು ಗುರುತಿಸಿ ಕಳುಹಿಸಬಹುದಾದ ಒಂದು ಪ್ರಶ್ನಾವಳಿಯಿತ್ತು. ದೇಶದ ಮೂಲೆಮೂಲೆಯಿಂದ ತಂದೆತಾಯಿಗಳು ಅದನ್ನು ತುಂಬಿ ಕಳುಹಿಸಿದರು. ಜೊತೆಗೆ ಕಾಗದಗಳನ್ನೂ ಬರೆದರು. ಕೆಲವರು, ಇಂತಿಂಥ ಜೀವಸತ್ವವನ್ನು ಹೆಚ್ಚಾಗಿ ಕೊಟ್ಟಮೇಲೆ ಮಗು ಸುಧಾರಿಸಿತೆಂದು ತಿಳಿಸಿದ್ದರು. ಒಬ್ಬರಿಗೊಬ್ಬರು ಅರಿಯದವರು ಒಂದೇ ಮಾತನ್ನು ಬರೆದುದು ರಿಮ್ಲಂಡನ ಗಮನವನ್ನು ಸೆಳೆಯಿತು. ಅವನು ಇನ್ನೂರರಷ್ಟು ಮಕ್ಕಳ ಮೇಲೆ ಪ್ರಯೋಗ ನಡೆಸಿ, ಬಿ೬ ಎಂಬ ಜೀವಸತ್ವವೇ ಮುಖ್ಯವೆಂದು ಬಗೆದನು. ಆದರೆ ಹೆಚ್ಚು ಪ್ರಮಾಣದ ಬಿ೬ನಿಂದ ಕೆಲವು ಮಕ್ಕಳು ಸಿಡಿಮಿಡಿಗೊಂಡರು, ಸದ್ದಿಗೆ ಬೆಚ್ಚತೊಡಗಿದರು, ಹಾಸಿಗೆ ಒದ್ದೆಮಾಡಿಕೊಂಡರು. ಇದು ಮೆಗ್ನೀಸಿಯಮ್ಮಿನ ಕೊರತೆಯ ಫಲವೆಂದು ಊಹಿಸಿ ಅದನ್ನೂ ಜೊತೆಗೆ ಸೇರಿಸಿದರು. ಹೀಗೆ ಖನಿಜವು ಜೀವಸತ್ವದ ಬೆನ್ನುಹತ್ತಿ ಸ್ವಲೀನ ಮಕ್ಕಳ ಲೋಟವನ್ನು ಪ್ರವೇಶಿಸಿತು. ಫ್ರಾನ್ಸಿನ ಟೂರ್ ನಗರದಲ್ಲಿ ಲೆಲೋರ್ ಎಂಬ ವಿದ್ವಾಂಸ ಮತ್ತವನ ಸಂಗಡಿಗರು ಇದೇ ಜೋಡಿಯನ್ನು ಹಿಡಿದು ಹಲವು ವರ್ಷ ದುಡಿದರು.

ಊಹೆ ಬುಡವಿಲ್ಲದ್ದಾಗಿರಲಿಲ್ಲ. ಮೆದುಳಿನ ನರತಂತುಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಳಸುವ ಹಲವು ರಾಸಾಯನಿಕಗಳು ತಯಾರಾಗುವುದಕ್ಕೆ ಬಿ೬ ಬೇಕು. ದೇಹದ ನೂರಾರು ಕ್ರಿಯೆಗಳಿಗೆ ಮೆಗ್ನೀಸಿಯಂ ಬೇಕು. ಆದರೆ ಬೇಕು ಎಂಬುದು ಬೇರೆ, ಹೆಚ್ಚು ಕೊಟ್ಟರೆ ಹೆಚ್ಚು ಫಲ ಎಂಬುದು ಬೇರೆ. ಗಾರೆಗೆ ನೀರು ಬೇಕೆಂದು ಕೊಡಗಟ್ಟಲೆ ಸುರಿದರೆ ಗೋಡೆ ಗಟ್ಟಿಯಾಗುವುದಿಲ್ಲ.

೧೯೭೮ರಲ್ಲಿ ರಿಮ್ಲಂಡನೂ ಅವನ ಸಹೋದ್ಯೋಗಿಗಳೂ ೧೬ ಮಕ್ಕಳ ಪರೀಕ್ಷೆಯೊಂದನ್ನು ಪ್ರಕಟಿಸಿದರು. ಕೆಲವು ದಿನ ನಿಜವಾದ ಬಿ೬, ಕೆಲವು ದಿನ ಅದರಂತೆಯೇ ತೋರುವ ಹುಸಿಮದ್ದು; ಯಾವಾಗ ಯಾವುದೆಂದು ಮನೆಯವರಿಗೂ ತಿಳಿಯದು, ಮಗುವನ್ನು ಅಳೆಯುವವರಿಗೂ ತಿಳಿಯದು. ನಿಜವಾದುದನ್ನು ನಿಲ್ಲಿಸಿದಾಗ ಮಕ್ಕಳ ನಡವಳಿಕೆ ಕೆಟ್ಟಿತೆಂದು ಫಲಿತಾಂಶ. ಇದು ಉತ್ಸಾಹ ತರುವ ಸಂಗತಿಯೇ. ಆದರೆ ಆ ಹದಿನಾರು ಮಂದಿ, ಹಿಂದಿನ ತೆರೆದ ಪ್ರಯೋಗದಲ್ಲಿ ಗುಣ ಕಂಡವರೆಂದು ಆರಿಸಲ್ಪಟ್ಟವರು. ಆರಿಸಿದ ಹದಿನಾರರಿಂದ ಎಲ್ಲ ಮಕ್ಕಳಿಗೂ ತೀರ್ಮಾನ ಹೇಳಲಾಗದು.

ಇಂತಹ ಎರಡೂ ಕಡೆ ಮರೆಮಾಡಿದ ಪರೀಕ್ಷೆ ಏಕೆ ಬೇಕು, ಹೆತ್ತ ತಾಯಿ ಕಣ್ಣಾರೆ ಕಂಡುದನ್ನು ನಂಬಬಾರದೆ ಎಂದು ಓದುಗರು ಕೇಳಬಹುದು. ಪ್ರಶ್ನೆ ನ್ಯಾಯವಾದುದು. ಮಗುವನ್ನು ಹಗಲಿರುಳು ನೋಡುವವಳು ತಾಯಿ. ಅವಳು ಸುಳ್ಳು ಹೇಳುವವಳೂ ಅಲ್ಲ. ಆದರೆ ಹೊಸ ಪುಡಿಯನ್ನು ಮನೆಗೆ ತರುವುದು ಎಂದು? ವಾರವಿಡೀ ನಿದ್ರೆಯಿಲ್ಲದೆ, ಮಗು ಗೋಡೆಗೆ ತಲೆ ಚಚ್ಚಿಕೊಂಡು, ಇನ್ನು ಸಹಿಸಲಾಗದು ಎಂಬಲ್ಲಿಗೆ ಬಂದಾಗ. ಅತಿ ಕೆಟ್ಟ ವಾರದ ಮುಂದಿನ ವಾರ, ಏನೂ ಮಾಡದಿದ್ದರೂ ಸಾಮಾನ್ಯವಾಗಿ ಸ್ವಲ್ಪ ಮೇಲು. ಅಲ್ಲದೆ ಮಗು ಬೆಳೆಯುತ್ತಲೂ ಇರುತ್ತದೆ. ಸ್ವಲೀನ ಮಗು ಬೆಳೆಯುವುದಿಲ್ಲವೆಂದು ಯಾರು ಹೇಳಿದರು? ಅದೇ ತಿಂಗಳು ಶಾಲೆಗೆ ಸೇರಿಸಿರಬಹುದು, ಮಾತು ಕಲಿಸುವವರಲ್ಲಿಗೆ ಕರೆದೊಯ್ದಿರಬಹುದು. ಇವೆಲ್ಲದರ ಮೇಲೆ, ಪುಡಿ ಕೊಟ್ಟ ತಾಯಿ ಅಂದಿನಿಂದ ಮಗುವಿನ ಮುಖವನ್ನೇ ನೋಡುತ್ತಿರುತ್ತಾಳೆ. ನಿನ್ನೆ ಕಣ್ಣಿಗೆ ಬೀಳದೆ ಹೋದ ನಗು ಇಂದು ಬೀಳುತ್ತದೆ. ಪ್ರೀತಿ ಇರುವ ಕಣ್ಣು ಹೆಚ್ಚು ಕಾಣುತ್ತದೆ. ಆದರೆ ತಕ್ಕಡಿಯಾಗಿ ಅದು ಕೆಲಸಕ್ಕೆ ಬಾರದು.

ನಮ್ಮ ದೊಡ್ಡಪ್ಪನ ಮಗನ ಮನೆಯಲ್ಲಿ ಇಂತಹ ಮಗುವೊಂದಿದೆ. ಅತ್ತಿಗೆ ಒಂದು ನೋಟ್‌ಪುಸ್ತಕ ಇಟ್ಟಿದ್ದಾರೆ. ಮೆಗ್ನೀಸಿಯಂ ಅರ್ಧ ಚಮಚ, ಸತುವಿನ ಪಾನಕ ಇಷ್ಟು, ಮಲಗಿದ್ದು ಇಷ್ಟು ಗಂಟೆ, ಅತ್ತದ್ದು ಇಷ್ಟು ಸಲ, ಹೀಗೆ ದಿನವೂ ಬರೆದಿದ್ದಾರೆ. ತಿಂಗಳಿಗೆ ಆ ಡಬ್ಬಗಳಿಗೆ ತಗಲುವ ವೆಚ್ಚ ಅಣ್ಣನ ಸಂಬಳಕ್ಕೆ ಹಗುರವಾದುದಲ್ಲ. ಕಳೆದ ರಜೆಯಲ್ಲಿ ಹೋಗಿದ್ದಾಗ ಅವರು ಆ ಪುಸ್ತಕವನ್ನು ನನ್ನ ಮುಂದಿಟ್ಟು, “ನೀನು ಇದನ್ನೇ ಓದುತ್ತಿರುವವನು, ನೋಡಿ ಹೇಳಪ್ಪ. ಇದು ಕೊಡೋದಕ್ಕೆ ಶುರುಮಾಡಿದ ಮೇಲೆ ‘ನೀರು’ ಅಂದ. ಅದು ಒಂದೇ ಮಾತು. ಈಗ ನಿಲ್ಲಿಸಿದರೆ ಅದೂ ಹೋಗಿಬಿಟ್ಟರೆ?” ಎಂದರು. ಇಬ್ಬರೂ ಕೂಡಿ ಪುಟ ತಿರುವಿದೆವು. ‘ನೀರು’ ಎಂದ ದಿನಕ್ಕೆ ಐದು ವಾರ ಮೊದಲು ಪುಡಿ ಆರಂಭವಾಗಿತ್ತು; ಮೂರು ವಾರ ಮೊದಲು, ಶಾಲೆಯ ಟೀಚರು ಲೋಟದ ಚಿತ್ರ ತೋರಿಸಿ, ಹುಡುಗ ಕೈಚಾಚಿದಾಗಲೆಲ್ಲ ಆ ಮಾತನ್ನು ಹೇಳಿಕೊಡಲು ತೊಡಗಿದ್ದರು. ಅದನ್ನೂ ಅತ್ತಿಗೆಯವರೇ ಪುಟದ ಅಂಚಿನಲ್ಲಿ ಬರೆದಿದ್ದರು. “ಹಾಗಾದರೆ ಯಾವುದರಿಂದ?” ಎಂದರು. “ಈ ಪುಸ್ತಕದಿಂದ ತಿಳಿಯುವುದಿಲ್ಲ ಅತ್ತಿಗೆ” ಎಂದೆ. ಅವರು ಪುಸ್ತಕ ಮುಚ್ಚಿ ಒಳಗೆ ಹೋದರು. ಸಾಯಂಕಾಲ ಪುಡಿ ಎಂದಿನಂತೆಯೇ ಲೋಟಕ್ಕೆ ಬಿತ್ತು.

ಈ ಭಯವೇ ವಿಷಯದ ಕೇಂದ್ರ ಎಂದು ನನ್ನ ಅಭಿಪ್ರಾಯ. ಕೊಡಲು ಆರಂಭಿಸುವುದಕ್ಕೆ ಆಸೆಯೊಂದಿದ್ದರೆ ಸಾಕು. ನಿಲ್ಲಿಸುವುದಕ್ಕೆ ಎದೆಗಾರಿಕೆ ಬೇಕು. ಖನಿಜವಲ್ಲದಿದ್ದರೂ ಇದಕ್ಕೆ ಒಪ್ಪುವ ನಿದರ್ಶನವೊಂದಿದೆ. ಜೀರ್ಣಕ್ರಿಯೆಗೆ ಸಂಬಂಧಿಸಿದ ಸೆಕ್ರಿಟಿನ್ ಎಂಬ ಹಾರ್ಮೋನನ್ನು ಹೊಟ್ಟೆಯ ಪರೀಕ್ಷೆಗೆಂದು ಚುಚ್ಚಿದಾಗ ಮೂವರು ಸ್ವಲೀನ ಮಕ್ಕಳು ಸುಧಾರಿಸಿದರೆಂಬ ವರದಿ ೧೯೯೮ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ತಂದೆತಾಯಿಗಳು ಮುಗಿಬಿದ್ದರು. ಮರುವರ್ಷ ೬೦ ಮಕ್ಕಳ ಮೇಲೆ ಮರೆಮಾಡಿದ ಪರೀಕ್ಷೆ ನಡೆದಾಗ ಸೆಕ್ರಿಟಿನ್‌ಗೂ ಉಪ್ಪುನೀರಿಗೂ ಭೇದ ಕಾಣಲಿಲ್ಲ. ಈ ಫಲಿತಾಂಶವನ್ನು ಆ ಮಕ್ಕಳ ತಂದೆತಾಯಿಗಳಿಗೆ ತಿಳಿಸಿದ ಮೇಲೂ ಅವರಲ್ಲಿ ಶೇಕಡ ೬೯ ಮಂದಿ, ನಮಗೆ ಆ ಔಷಧದಲ್ಲಿ ಇನ್ನೂ ಆಸಕ್ತಿಯಿದೆ ಎಂದರು. ಇದನ್ನು ಓದಿ ನಗುವವರು ನಗಲಿ. ನನಗೆ ನಗು ಬರಲಿಲ್ಲ.

ಬಿ೬ ಮತ್ತು ಮೆಗ್ನೀಸಿಯಮ್ಮಿನ ಗತಿ ಏನಾಯಿತು? ೧೯೯೭ರಲ್ಲಿ ಪ್ರಕಟವಾದ ಮರೆಮಾಡಿದ ಪರೀಕ್ಷೆಯೊಂದನ್ನು ಹತ್ತು ಮಂದಿ ರೋಗಿಗಳು ಹತ್ತು ವಾರ ಪೂರೈಸಿದರು. ಯಾವ ಪ್ರಯೋಜನವೂ ಕಾಣಲಿಲ್ಲ. ೨೦೦೫ರಲ್ಲಿ ಕಾಕ್ರೇನ್ ಸಂಸ್ಥೆಯವರು ಎಲ್ಲ ಪರೀಕ್ಷೆಗಳನ್ನೂ ಜರಡಿ ಹಿಡಿದಾಗ ನಿಂತವು ಮೂರೇ, ಮೂರೂ ಚಿಕ್ಕವು. ಈ ಜೋಡಿಯನ್ನು ಶಿಫಾರಸು ಮಾಡಲು ಆಧಾರ ಸಾಲದೆಂದು ಅವರು ತೀರ್ಮಾನವಿತ್ತರು. ಅಪಾಯದ ಮಾತು ಬೇರೆಯೇ ಇದೆ. ವಯಸ್ಕನಿಗೆ ದಿನಕ್ಕೆ ಬೇಕಾದ ಬಿ೬ ಒಂದೂವರೆ ಮಿಲಿಗ್ರಾಮಿನಷ್ಟು. ಈ ಪ್ರಯೋಗಗಳಲ್ಲಿ ಕೊಡುತ್ತಿದ್ದುದು ನೂರಾರು ಮಿಲಿಗ್ರಾಂ. ಅತಿಯಾಗಿ ಸೇವಿಸಿದ ಏಳು ಮಂದಿ ವಯಸ್ಕರಲ್ಲಿ ಕೈಕಾಲುಗಳ ನರಗಳು ಕೆಟ್ಟು, ನಡೆಯುವುದೂ ಕಷ್ಟವಾದುದು ೧೯೮೩ರಲ್ಲಿಯೇ ವರದಿಯಾಗಿತ್ತು. ಕೈಕಾಲು ಜೋಮು ಹಿಡಿದಿದೆ ಎಂದು ಹೇಳಲು ಮಾತೇ ಬಾರದ ಮಗುವಿನ ಪಾಡನ್ನು ಊಹಿಸಿಕೊಳ್ಳಬಹುದು. ಮೆಗ್ನೀಸಿಯಂ ಹೆಚ್ಚಾದರೆ ಭೇದಿ. ಸತು ಬಹುಕಾಲ ಹೆಚ್ಚಾದರೆ ದೇಹದ ತಾಮ್ರ ಕಡಿಮೆಯಾಗಿ ರಕ್ತಹೀನತೆ. ಕಬ್ಬಿಣದ ಗುಳಿಗೆಗಳ ಸೀಸೆ ಮಗುವಿನ ಕೈಗೆ ಸಿಕ್ಕಿದರಂತೂ ಪ್ರಾಣಕ್ಕೇ ಸಂಚಕಾರ.

ಹಾಗಾದರೆ ಖನಿಜಗಳ ಮಾತೆಲ್ಲ ಬರಿಯ ಬೂಟಾಟಿಕೆಯೆ? ಹಾಗೆನ್ನುವವರ ಗುಂಪಿಗೂ ನಾನು ಸೇರಲಾರೆ. ಸ್ವಲೀನ ಮಕ್ಕಳಲ್ಲಿ ಅನೇಕರು ಊಟದಲ್ಲಿ ಬಹಳ ಹಠಮಾರಿಗಳು. ಬಣ್ಣ, ವಾಸನೆ, ನಾಲಗೆಗೆ ತಗಲುವ ಬಗೆ ಒಂದಿಷ್ಟು ಬದಲಾದರೂ ಒಲ್ಲರು. ಬಿಸ್ಕತ್ತನ್ನೋ ಬಿಳಿಯ ಅನ್ನವನ್ನೋ ಬಿಟ್ಟು ಬೇರೇನನ್ನೂ ಮುಟ್ಟದ ಮಗುವಿನ ರಕ್ತದಲ್ಲಿ ಕಬ್ಬಿಣ ಎಲ್ಲಿಂದ ಬರಬೇಕು? ಇಲ್ಲಿ ಕೊರತೆಯೆಂಬುದು ನಿಜವಾದ ಕೊರತೆ. ಅದನ್ನು ತುಂಬುವುದು ಸಾಮಾನ್ಯವಾದ ಒಳ್ಳೆಯ ವೈದ್ಯ. ತಪ್ಪು ನಡೆಯುವುದು, ಕೊರತೆ ತುಂಬುವ ಮದ್ದನ್ನು ಸ್ವಲೀನತೆಯ ಮದ್ದೆಂದು ತಿಳಿದಾಗ. ಟೊರಾಂಟೋ ನಗರದಲ್ಲಿ ೩೩ ಸ್ವಲೀನ ಮಕ್ಕಳಿಗೆ ಎಂಟು ವಾರ ಕಬ್ಬಿಣ ಕೊಟ್ಟಾಗ ಅವರ ನಿದ್ರೆಯ ಹೊರಳಾಟ ಕಡಿಮೆಯಾಯಿತೆಂದು ೨೦೦೭ರಲ್ಲಿ ಪ್ರಕಟವಾಯಿತು. ಅದು ತೆರೆದ ಪ್ರಯೋಗ. ೨೦೨೦ರಲ್ಲಿ ೨೦ ಮಕ್ಕಳ ಮೇಲೆ ಹುಸಿಮದ್ದಿನೊಡನೆ ಹೋಲಿಸಿ ನೋಡಿದಾಗ, ದೇಹದಲ್ಲಿನ ಕಬ್ಬಿಣದ ದಾಸ್ತಾನು ಏರಿತು, ನಿದ್ರಾಹೀನತೆ ಮಾತ್ರ ನೀಗಲಿಲ್ಲ. ಎರಡೂ ಚಿಕ್ಕ ಪ್ರಯೋಗಗಳಾದುದರಿಂದ ಕೊನೆಯ ಮಾತು ಇನ್ನೂ ಬಾಕಿಯಿದೆ. ಆದರೂ ಕಬ್ಬಿಣ ಕಡಿಮೆಯಿದ್ದ ಮಗುವಿಗೆ ಕಬ್ಬಿಣ ದೊರೆತುದು ಲಾಭವೇ ಸರಿ.

ನಮ್ಮ ನಾಡಿನ ಮಟ್ಟಿಗೆ ಈ ಮಾತಿಗೆ ಹೆಚ್ಚಿನ ಅರ್ಥವಿದೆ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ ೬೫ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ. ಆದ್ದರಿಂದ ಇಲ್ಲಿಯ ಯಾವ ಮಗುವಿಗೇ ಆಗಲಿ, ಸ್ವಲೀನವಿರಲಿ ಇಲ್ಲದಿರಲಿ, ರಕ್ತಪರೀಕ್ಷೆ ಮಾಡಿಸುವುದು ಸಮಂಜಸ. ೨೦೧೮ರಲ್ಲಿ ಆರಂಭವಾದ ರಕ್ತಹೀನತೆ ನಿವಾರಣೆಯ ಯೋಜನೆಯಲ್ಲಿ ಆರು ತಿಂಗಳಿಂದ ಐದು ವರ್ಷದ ಮಕ್ಕಳಿಗೆ ವಾರಕ್ಕೆ ಎರಡು ಸಲ ಒಂದೊಂದು ಮಿಲಿಲೀಟರ್ ಕಬ್ಬಿಣದ ಸಿರಪ್ಪನ್ನು ಗೊತ್ತುಮಾಡಲಾಯಿತು. ಅದಕ್ಕೆ ಹಣ ಕೊಡಬೇಕಾಗಿಲ್ಲ. ಪರದೇಶದ ಡಬ್ಬಕ್ಕೆ ಕಾಯಬೇಕಾಗಿಯೂ ಇಲ್ಲ. ಸುಣ್ಣದ ಅಂಶದ ವಿಷಯವೂ ಹೀಗೆಯೇ. ಹಾಲು ಮೊಸರು ಸ್ವಲೀನತೆಯನ್ನು ಹೆಚ್ಚಿಸುತ್ತವೆಂಬ ನಂಬಿಕೆಯಿಂದ ಅವನ್ನು ಬಿಡಿಸುವ ಮನೆಗಳಿವೆ. ಅಮೆರಿಕದಲ್ಲಿ ೭೫ ಮಂದಿ ಸ್ವಲೀನ ಬಾಲಕರ ಮೂಳೆಗಳನ್ನು ಅಳೆದಾಗ ಅವು ಸಾಮಾನ್ಯಕ್ಕಿಂತ ತೆಳುವಾಗಿದ್ದುವೆಂದೂ, ಹಾಲಿನ ಪದಾರ್ಥ ಬಿಟ್ಟವರಲ್ಲಿ ಇನ್ನೂ ತೆಳುವೆಂದೂ ೨೦೦೮ರಲ್ಲಿ ತಿಳಿದುಬಂದಿತು. ಹಾಲನ್ನು ಬಿಡಿಸಲೇಬೇಕೆಂದು ಹೊರಟವರು ಅದರ ಸ್ಥಳದಲ್ಲಿ ಏನನ್ನಿಡುವುದೆಂದು ಮೊದಲು ಯೋಚಿಸಬೇಕು. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಮಿಗೂ ಮೀರಿ ಸುಣ್ಣದ ಅಂಶವಿದೆ. ಹುಡುಗ ಅಂಬಲಿ ಕುಡಿಯಲು ಒಪ್ಪಿದರೆ ಅದೊಂದು ಭಾಗ್ಯ.

ಕೊರತೆಯನ್ನು ಕಂಡುಹಿಡಿಯುವ ಬಗೆಯಲ್ಲಿಯೂ ಎಚ್ಚರ ಬೇಕು. ಕೂದಲನ್ನು ಪರೀಕ್ಷಿಸಿ ಇಪ್ಪತ್ತು ಮೂವತ್ತು ಖನಿಜಗಳ ಲೆಕ್ಕವನ್ನು ಬಣ್ಣದ ಪಟ್ಟಿಯಲ್ಲಿ ಕೊಡುವ ವ್ಯಾಪಾರವೊಂದಿದೆ. ೨೦೦೧ರಲ್ಲಿ ಅಮೆರಿಕದ ಸಂಶೋಧಕರು ಒಬ್ಬನೇ ಆರೋಗ್ಯವಂತನ ಕೂದಲನ್ನು ಆರು ಪ್ರಯೋಗಶಾಲೆಗಳಿಗೆ ಕಳುಹಿಸಿದರು. ಕೆಲವು ಖನಿಜಗಳ ಅಳತೆಯಲ್ಲಿ ಒಂದು ಶಾಲೆಗೂ ಇನ್ನೊಂದಕ್ಕೂ ಹತ್ತು ಪಟ್ಟಿಗೂ ಮೀರಿದ ವ್ಯತ್ಯಾಸ ಬಂದಿತು! ೨೦೧೧ರಲ್ಲಿ ಜಪಾನಿನಿಂದ ಬಂದ ಒಂದು ದೊಡ್ಡ ವರದಿ, ಸುಮಾರು ಎರಡು ಸಾವಿರ ಸ್ವಲೀನ ಮಕ್ಕಳ ಕೂದಲನ್ನು ಪರೀಕ್ಷಿಸಿ, ಅವರಲ್ಲಿ ಶೇಕಡ ೩೦ರಷ್ಟು ಮಂದಿಗೆ ಸತು ಕಡಿಮೆಯೆಂದಿತು. ಆ ಅಳತೆಯನ್ನು ಒಪ್ಪಿದರೂ, ಸತು ಕಡಿಮೆಯಾದುದರಿಂದ ಸ್ವಲೀನತೆ ಬಂದಿತೋ, ಸ್ವಲೀನತೆಯಿಂದ ಊಟ ಕೆಟ್ಟು ಸತು ಕಡಿಮೆಯಾಯಿತೋ ಎಂಬ ಪ್ರಶ್ನೆಗೆ ಕೂದಲು ಉತ್ತರ ಹೇಳದು.

ಈ ದಾರಿಯ ಕೊನೆಯ ಭಾಗ ಭಯಂಕರವಾದುದು. ಮೈಯಲ್ಲಿ ಸೇರಿದ ಪಾದರಸ ಸೀಸಗಳೇ ಸ್ವಲೀನತೆಗೆ ಕಾರಣ, ಅವನ್ನು ಸೆಳೆದು ತೆಗೆಯಬೇಕು ಎಂಬ ವಾದ ಎದ್ದಿತು. ಹಾಗೆ ಸೆಳೆಯಲು ಬಳಸುವ ರಾಸಾಯನಿಕಗಳು ಬೇಡದ ಲೋಹವನ್ನಷ್ಟೇ ಆರಿಸಿ ಒಯ್ಯುವ ವಿವೇಕಿಗಳಲ್ಲ. ೨೦೦೫ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಐದು ವರ್ಷದ ಬಾಲಕನೊಬ್ಬನಿಗೆ ಇಂತಹುದನ್ನು ನರಕ್ಕೆ ಕೊಟ್ಟಾಗ ರಕ್ತದ ಸುಣ್ಣದ ಅಂಶ ಕುಸಿದು ಅವನು ಸತ್ತನು. ಇನ್ನೊಂದು, ‘ಮಿರಕಲ್ ಮಿನರಲ್ ಸೊಲ್ಯೂಷನ್’ ಎಂಬ ಹೆಸರಿನ ದ್ರಾವಣ. ಹೆಸರು ಅದ್ಭುತ ಖನಿಜವೆಂದು. ವಸ್ತು ಮಾತ್ರ ಸೋಡಿಯಂ ಕ್ಲೋರೈಟ್. ಹುಳಿಯೊಡನೆ ಬೆರೆತರೆ ಅದು ಕಾಗದವನ್ನು ಬಿಳಿಚಿಸಲು ಬಳಸುವ ಕ್ಲೋರಿನ್ ಡೈಆಕ್ಸೈಡ್ ಆಗುತ್ತದೆ. ಇದನ್ನು ಸ್ವಲೀನ ಮಕ್ಕಳಿಗೆ ಕುಡಿಸಲು ಬೋಧಿಸಿದವರಿದ್ದರು. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ೨೦೧೦ರಲ್ಲಿಯೂ ೨೦೧೯ರಲ್ಲಿಯೂ ಜನರನ್ನು ಎಚ್ಚರಿಸಿತು. ೨೦೨೩ರಲ್ಲಿ ಮಾರಾಟಗಾರರ ಒಂದು ಕುಟುಂಬಕ್ಕೆ ಫ್ಲಾರಿಡಾದ ನ್ಯಾಯಾಲಯದಲ್ಲಿ ಶಿಕ್ಷೆಯಾಯಿತು. ಅರ್ಧ ಚಮಚ ಮೆಗ್ನೀಸಿಯಂ ಕೊಡುವ ತಾಯಿಯನ್ನು ಇವರ ಸಾಲಿಗೆ ಸೇರಿಸುವುದು ಅನ್ಯಾಯ. ಆದರೆ ಇಬ್ಬರೂ ಕೇಳುವ ಸಾಕ್ಷ್ಯ ಒಂದೇ: ‘ಕೊಟ್ಟೆವು, ಸುಧಾರಿಸಿತು.’

ಕೊಟ್ಟೇ ನೋಡುತ್ತೇವೆ ಎನ್ನುವ ತಂದೆತಾಯಿಗಳನ್ನು ತಡೆಯುವ ಅಧಿಕಾರ ವಿದ್ಯಾರ್ಥಿಯಾದ ನನಗಿಲ್ಲ. ಅವರಿಗಾಗಿ ನಮ್ಮ ಪ್ರಯೋಗ ಮನಃಶಾಸ್ತ್ರದಿಂದ ಎರವಲು ಕೊಡಬಹುದಾದುದು ಸ್ವಲ್ಪವಿದೆ. ಮೊದಲು ಮಕ್ಕಳ ವೈದ್ಯರಿಗೆ ತಿಳಿಸಿ ಪ್ರಮಾಣವನ್ನು ಗೊತ್ತುಮಾಡಿಕೊಳ್ಳುವುದು. ಒಂದು ಸಲಕ್ಕೆ ಒಂದೇ ಪದಾರ್ಥ. ಏನು ಬದಲಾಗಬೇಕೆಂಬುದನ್ನು ಮೊದಲೇ ಬರೆದಿಡುವುದು. ‘ಸುಧಾರಿಸಬೇಕು’ ಎಂದಲ್ಲ, ‘ರಾತ್ರಿ ಎದ್ದು ಕೂರುವುದು ಎಷ್ಟು ಸಲ’ ಎಂದು. ಎಷ್ಟು ವಾರ ಕೊಟ್ಟು ಎಂದು ನಿಲ್ಲಿಸುವುದೆಂಬ ತಾರೀಖನ್ನೂ ಅದೇ ಪುಟದಲ್ಲಿ ಬರೆಯುವುದು. ಪುಡಿಯ ಸಂಗತಿ ತಿಳಿಯದ ಒಬ್ಬರಿಂದ, ಶಾಲೆಯ ಟೀಚರೇ ಆಗಬಹುದು, ವಾರಕ್ಕೊಮ್ಮೆ ಗುರುತು ಹಾಕಿಸುವುದು. ಮಾತು ಕಲಿಸುವ ಪಾಠವನ್ನು ಮಾತ್ರ ಯಾವ ಕಾರಣಕ್ಕೂ ಬಿಡಿಸದಿರುವುದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಇಂತಹ ಮಕ್ಕಳನ್ನು ನೋಡುವ ತಜ್ಞರಿದ್ದಾರೆ. ಬಸ್ಸಿನ ಖರ್ಚು ಅನೇಕ ಸಲ ಒಂದು ಡಬ್ಬದ ಬೆಲೆಗಿಂತ ಕಡಿಮೆ.

ರಿಮ್ಲಂಡ್ ೨೦೦೬ರಲ್ಲಿ ತೀರಿಕೊಂಡನು. ಪುರಾವೆ ತೋರಿಸಿ ಎಂದು ವೈದ್ಯಲೋಕವನ್ನೇ ಎದುರಿಸಿ ತಾಯಂದಿರನ್ನು ಅಪವಾದದಿಂದ ಬಿಡಿಸಿದ ಆ ಮನುಷ್ಯ, ಬಿ೬ ಮತ್ತು ಮೆಗ್ನೀಸಿಯಮ್ಮಿನ ವಿಷಯದಲ್ಲಿ ಕಡೆಯವರೆಗೂ ನಂಬಿಕೆಯನ್ನು ಬಿಡಲಿಲ್ಲ. ಅವನ ಮಗ ಮಾರ್ಕ್ ಮಾತು ಕಲಿತನು, ಬೆಳೆದು ಚಿತ್ರಕಾರನಾದನು. ತಂಗಿ ಬರೆದ ಮಕ್ಕಳ ಪುಸ್ತಕವೊಂದಕ್ಕೆ ಅವನು ಬರೆದ ಬೆಕ್ಕುಗಳ ಚಿತ್ರಗಳು ೧೯೯೮ರಲ್ಲಿ ಅಚ್ಚಾದವು. ಆ ಬೆಳವಣಿಗೆಯಲ್ಲಿ ಪುಡಿಯ ಪಾಲೆಷ್ಟು, ಪಾಠದ ಪಾಲೆಷ್ಟು, ಗ್ಲೋರಿಯಾಳ ಪಾಲೆಷ್ಟು, ಬರಿಯ ವಯಸ್ಸಿನ ಪಾಲೆಷ್ಟು ಎಂದು ಬೇರ್ಪಡಿಸಿ ಹೇಳಲು ಆ ಮನೆಯವರಿಗೂ ದಾರಿಯಿರಲಿಲ್ಲ.